ತಾರೆಯ ಉಡುಪು, ಮನೆಯ ಜವಳಿ

ಹೆಸರಾಂತರು ಉಟ್ಟು ತೊಟ್ಟದ್ದನ್ನು ಕಂಡು ಜನ ತಮ್ಮ ಬಟ್ಟೆಬರೆ, ಒಡವೆ, ಕೂದಲ ಕತ್ತರಿಕೆಗಳನ್ನು ಬದಲಿಸಿಕೊಳ್ಳುವುದು ಎಲ್ಲ ಕಾಲದಲ್ಲೂ ನಡೆದು ಬಂದಿದೆ. ಒಂದು ಕಾಲಕ್ಕೆ ಅರಮನೆಯ ದರಬಾರು ಆ ಮಾದರಿಯನ್ನು ಒದಗಿಸುತ್ತಿತ್ತು. ಆಮೇಲೆ ನಾಟಕ ಕಂಪನಿ, ಸಿನಿಮಾ, ಕಿರುತೆರೆಗಳ ಸರದಿ ಬಂತು. ಈಗ ಆ ಕೆಲಸವನ್ನು ಅಂಗೈಯಲ್ಲಿರುವ ಮೊಬೈಲು ಮಾಡುತ್ತಿದೆ. ಮಾದರಿಯೊಂದು ಕಣ್ಣಿಗೆ ಬಿದ್ದ ಗಳಿಗೆಯಿಂದ ಅದು ಮನೆಯ ಬೀರು ಸೇರುವ ತನಕದ ದಾರಿಯನ್ನು ಅರಿತರೆ, ತಾರೆಯರ ಉಡುಪು ಸಾಮಾನ್ಯರ ಖರೀದಿಯನ್ನು ಹೇಗೆ ತಿದ್ದುತ್ತದೆ ಎಂಬುದು ಗೊತ್ತಾಗುತ್ತದೆ.

ಈ ದಾರಿಯನ್ನು ಅರಿಯಲು ಒಂದು ಹಳ್ಳಿಗಾಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಮಾಡದಕೆರೆಯೂ ಒಂದು. ತೆಂಗು, ಅಡಿಕೆ, ರಾಗಿ ಬೆಳೆಯುವ ಸೀಮೆ. ಯುಗಾದಿ, ಗೌರಿ ಹಬ್ಬ, ದೀಪಾವಳಿ, ಊರದೇವರ ಜಾತ್ರೆ, ಮನೆಯ ಮದುವೆ ಇವೇ ಇಂಥ ಊರುಗಳಲ್ಲಿ ಬಟ್ಟೆ ತೆಗೆಯುವ ಹೊತ್ತುಗಳು. ಕೊಬ್ಬರಿಗೆ ಒಳ್ಳೆಯ ದರ ಸಿಕ್ಕ ವರ್ಷ ಕೈ ಸಡಿಲ, ಮಳೆ ಕೈಕೊಟ್ಟ ವರ್ಷ ಬಿಗಿ. ದಿನಬಳಕೆಯ ಬಟ್ಟೆ ಹೊಸದುರ್ಗದ ಅಂಗಡಿಗಳಲ್ಲೇ ಸಿಗುತ್ತದೆ. ಮದುವೆಯ ಜವಳಿಗೆ ಚಿತ್ರದುರ್ಗ, ದಾವಣಗೆರೆಯ ಬಸ್ಸು ಹತ್ತುವವರು ಬಹಳ. ತಾರೆಯ ಉಡುಪು ಇಂಥ ಊರಿಗೆ ನೇರವಾಗಿ ಬಂದು ಇಳಿಯುವುದಿಲ್ಲ. ಜವಳಿ ಅಂಗಡಿಯವರು, ದರ್ಜಿ, ಬಳೆಗಾರ, ಕ್ಷೌರಿಕ, ಪೇಟೆಯಲ್ಲಿರುವ ನೆಂಟರು, ಇಷ್ಟು ಜನರ ಕೈ ದಾಟಿ ಬರುತ್ತದೆ. ಪ್ರತಿ ಕೈಯೂ ಅದನ್ನು ಅಷ್ಟಿಷ್ಟು ಬದಲಿಸುತ್ತದೆ, ಅದರ ಬೆಲೆಗೂ ಅಷ್ಟಿಷ್ಟು ಸೇರಿಸುತ್ತದೆ. ಕಡೆಗೆ ಕೊಳ್ಳುವವರು ಎಣಿಸಿಕೊಡುವ ಹಣದಲ್ಲಿ ಬಟ್ಟೆಯ ಪಾಲು ಒಂದು, ಹೆಸರಿನ ಪಾಲು ಇನ್ನೊಂದು. ಈ ಎರಡು ಪಾಲನ್ನು ಬಿಡಿಸಿ ನೋಡಲು ಬರುವುದೇ ಜಾಣ ಖರೀದಿ.

ಸಿನಿಮಾಕ್ಕೆ ಮುಂಚಿನ ಕಾಲದಲ್ಲಿ ಆಯ್ಕೆಯ ಎಲ್ಲೆ ಚಿಕ್ಕದಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇದೇ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವ ಕಸುಬನ್ನು ಕಂಡು ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದೇ ಬಣ್ಣದ ಒರಟು ಗಾಜು ಅಲ್ಲಿ ತಯಾರಾಗುತ್ತಿತ್ತು. ಕುಲುಮೆಯಲ್ಲಿ ಆಗುವ ಬಣ್ಣ, ಮನೆತನದ ಪದ್ಧತಿ, ಬಳೆಗಾರನ ಮಲಾರ ಇವುಗಳ ನಡುವೆಯೇ ಹೆಣ್ಣುಮಕ್ಕಳ ಆಯ್ಕೆ ಮುಗಿಯುತ್ತಿತ್ತು. ಇಂದು ಜಾತ್ರೆಯ ಬಳೆ ಅಂಗಡಿಗೆ ಗಾಜಿನ ಬಳೆ ಬರುವುದು ಬಹುಮಟ್ಟಿಗೆ ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಅದರ ಬಣ್ಣ, ಮಿನುಗು, ಜೋಡಣೆಯನ್ನು ಈಚಿನ ಸಿನಿಮಾ ಮತ್ತು ಧಾರಾವಾಹಿಗಳು ತೀರ್ಮಾನಿಸುವುದೇ ಹೆಚ್ಚು. ಕಸುಬು ಊರು ಬಿಟ್ಟು ಹೋದಂತೆ ಆಯ್ಕೆಯ ಮಾದರಿಯೂ ಊರಾಚೆಯಿಂದ ಬರತೊಡಗಿತು.

ಮೇಲಿನವರನ್ನು ನೋಡಿ ಕೆಳಗಿನವರು ನಡೆ ನುಡಿ ಉಡುಗೆ ಕಲಿಯುವ ಬಗೆಯನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಪ್ರಮುಖರು. ಜಾತಿಯ ಏಣಿಯಲ್ಲಿ ಕೆಳಗಿರುವ ಸಮುದಾಯಗಳು ಮೇಲಿನವರ ಆಚಾರ, ಆಹಾರ, ಉಡುಪುಗಳನ್ನು ತಮ್ಮದಾಗಿಸಿಕೊಂಡು ಮೇಲೇರಲು ಯತ್ನಿಸುವುದನ್ನು ಅವರು ಸಂಸ್ಕೃತೀಕರಣ ಎಂದು ಕರೆದರು. ಇದಕ್ಕೂ ಹಿಂದೆ, 1904ರಲ್ಲಿ, ಜರ್ಮನಿಯ ಗಿಯೋರ್ಗ್ ಸಿಮ್ಮೆಲ್ ಫ್ಯಾಷನ್ ಕುರಿತು ಬರೆದ ಪ್ರಬಂಧದಲ್ಲಿ ಇನ್ನೊಂದು ಮುಖವನ್ನು ತೋರಿಸಿದ್ದ. ಕೆಳಗಿನವರು ಅನುಕರಿಸುವ ಹೊತ್ತಿಗೆ ಮೇಲಿನವರು ಆ ಉಡುಪನ್ನು ಬಿಟ್ಟು ಬೇರೊಂದಕ್ಕೆ ಹೋಗಿರುತ್ತಾರೆ. ಹಿಡಿಯಲು ಹೋದಷ್ಟೂ ಮುಂದೆ ಸರಿಯುವ ಈ ಗುಣದಿಂದಲೇ ಫ್ಯಾಷನ್ ವ್ಯಾಪಾರ ನಿಲ್ಲದೆ ನಡೆಯುತ್ತದೆ.

ಇದಕ್ಕೆ ತೀರ ಎದುರು ದಿಕ್ಕಿನ ಮಾದರಿಯೂ ಇತಿಹಾಸದಲ್ಲಿದೆ. 1921ರ ಸೆಪ್ಟೆಂಬರ್ 22ರಂದು ಮದುರೈನಲ್ಲಿ ಗಾಂಧೀಜಿ ಅಂಗಿ ಟೋಪಿಗಳನ್ನು ಬಿಟ್ಟು ಮೊಣಕಾಲುದ್ದದ ಖಾದಿ ತುಂಡನ್ನು ಉಟ್ಟರು. ದೇಶದ ಅತಿ ದೊಡ್ಡ ಹೆಸರೊಂದು ಕೆಳಗಿನವರ ಉಡುಪನ್ನು ಮೇಲಕ್ಕೆ ಒಯ್ದ ಗಳಿಗೆ ಅದು. ಖಾದಿ ಕೊಳ್ಳುವುದು ಆಗ ರಾಜಕೀಯ ನಿಲುವೇ ಆಯಿತು. ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತ ಚಳವಳಿಗೆ ಇಳಿದು ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರ ಖಾದಿ ಮತ್ತು ಬಿಳಿ ಗಾಂಧಿ ಟೋಪಿ ಈ ಜಿಲ್ಲೆಯ ಜನರ ಕಣ್ಣಲ್ಲಿ ಆ ನಿಲುವಿನ ಗುರುತಾಗಿ ಉಳಿದವು.

ಸಿನಿಮಾ ಬಂದ ಮೇಲೆ ಮಾದರಿಗಳು ನೂರಾದವು. ಕನ್ನಡದಲ್ಲಿ ಹೆಣ್ಣುಮಕ್ಕಳ ಉಡುಗೆಯ ಮಟ್ಟಿಗೆ ಮೊದಲು ನೆನಪಾಗುವವರು ಮಿನುಗುತಾರೆ ಕಲ್ಪನಾ. 1967ರ ‘ಬೆಳ್ಳಿಮೋಡ’ದಿಂದ ‘ಗೆಜ್ಜೆಪೂಜೆ’, ‘ಶರಪಂಜರ’, ‘ಎರಡು ಕನಸು’ವರೆಗೆ ಅವರ ಉದ್ದ ತೋಳಿನ ರವಿಕೆ, ಸೀರೆ ಉಡುವ ಒಪ್ಪ, ತುರುಬು, ಒಡವೆಗಳನ್ನು ನೋಡುವುದಕ್ಕೆಂದೇ ಚಿತ್ರಮಂದಿರಕ್ಕೆ ಹೋದವರಿದ್ದರು. 1965ರ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಪು ತೊಟ್ಟು ಸುದ್ದಿಯಾದ ಜಯಂತಿ, 1972ರಲ್ಲಿ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರಿತವಾದ ‘ನಾಗರಹಾವು’ ಚಿತ್ರದಲ್ಲಿ ಕಚ್ಚೆ ಹಾಕಿ ಒನಕೆ ಹಿಡಿದ ಓಬವ್ವನಾದರು. ಈಜುಡುಪನ್ನು ಊರು ನೋಡಿ ಸುಮ್ಮನಾಯಿತು. ಓಬವ್ವನ ವೇಷ ಮಾತ್ರ ಇಂದಿಗೂ ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ತಪ್ಪದೆ ಬರುತ್ತದೆ. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬ ಸೋಸುವಿಕೆ ನೋಡುವವರ ಕೈಯಲ್ಲೂ ಇದೆ ಎಂಬುದಕ್ಕೆ ಒಬ್ಬರೇ ನಟಿಯ ಈ ಎರಡು ಪಾತ್ರಗಳು ಸಾಕ್ಷಿ.

ಆ ಕಾಲದಲ್ಲಿ ಮಾದರಿ ಹಳ್ಳಿಗೆ ತಲುಪಲು ಸಮಯ ಹಿಡಿಯುತ್ತಿತ್ತು. ಪೇಟೆಯಲ್ಲಿ ಓಡಿದ ಚಿತ್ರ ಟೂರಿಂಗ್ ಟಾಕೀಸಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ‘ರೂಪತಾರಾ’, ‘ವಿಜಯಚಿತ್ರ’ದಂಥ ಸಿನಿಮಾ ಪತ್ರಿಕೆಗಳ ಬಣ್ಣದ ಪುಟ, ಅಂಗಡಿಗಳು ಹಂಚುವ ಕ್ಯಾಲೆಂಡರ್ ಇವೇ ದರ್ಜಿಗೆ ತೋರಿಸುವ ನಕ್ಷೆಗಳು. ಚಿತ್ರದಲ್ಲಿ ಕಾಣದ ಬೆನ್ನಿನ ಭಾಗವನ್ನು ದರ್ಜಿ ತನ್ನ ಅಂದಾಜಿನಲ್ಲಿ ಹೊಲಿಯುತ್ತಿದ್ದ. ಅಳತೆ ರವಿಕೆ ಕೊಟ್ಟು ಹೋದವರ ಮನೆಯ ಹಿರಿಯರು ಒಪ್ಪುವಷ್ಟೇ ಕತ್ತನ್ನು ಇಳಿಸುತ್ತಿದ್ದ. ಕಲ್ಪನಾ ಅವರ ರವಿಕೆ ಊರಿನ ದರ್ಜಿಯ ಹೊಲಿಗೆ ಯಂತ್ರದಿಂದ ಹೊರಬರುವಾಗ ಹೀಗೆ ಅರ್ಧ ಕಲ್ಪನಾ ಅವರದು, ಅರ್ಧ ಊರಿನದು ಆಗಿರುತ್ತಿತ್ತು.

ತಾರೆಯ ಇಡೀ ವೇಷವನ್ನು ಯಾರೂ ಕೊಳ್ಳುವುದಿಲ್ಲ. ಅದರಿಂದ ಒಂದು ತುಣುಕನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಆ ತುಣುಕು ಎಷ್ಟು ಅಗ್ಗವೋ, ಉಳಿದ ಉಡುಪಿನಿಂದ ಬಿಡಿಸಿಕೊಳ್ಳಲು ಎಷ್ಟು ಸುಲಭವೋ ಅಷ್ಟು ಬೇಗ ಹರಡುತ್ತದೆ. ಈ ದೃಷ್ಟಿಯಿಂದ ಪ್ರಭಾವವನ್ನು ಐದು ಮೆಟ್ಟಿಲುಗಳಲ್ಲಿ ಇಟ್ಟು ನೋಡಬಹುದು.

ಮೊದಲನೆಯದು ಕೂದಲು, ಗಡ್ಡ. ಕ್ಷೌರದ ದುಡ್ಡಿನಷ್ಟೇ ಖರ್ಚು, ಬೇಡವಾದರೆ ತಿಂಗಳಲ್ಲಿ ಬದಲಿಸಬಹುದು. 1999ರ ‘ಉಪೇಂದ್ರ’ದ ಕೆದರಿದ ಕೂದಲು, 2003ರ ಹಿಂದಿ ಚಿತ್ರ ‘ತೇರೇ ನಾಮ್’ನಲ್ಲಿ ಸಲ್ಮಾನ್ ಖಾನ್ ಬಿಟ್ಟ ನಡುಬೈತಲೆಯ ಉದ್ದ ಕೂದಲು, 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳಲ್ಲಿ ಯಶ್ ಬೆಳೆಸಿದ ದಟ್ಟ ಗಡ್ಡ ಇವೆಲ್ಲ ಕ್ಷೌರದಂಗಡಿಯ ಗೋಡೆಯ ಪಟಗಳಿಂದ ಹುಡುಗರ ಮುಖಕ್ಕೆ ಇಳಿದದ್ದು ಈ ಸುಲಭದಿಂದಲೇ. ಇದರ ಬೆನ್ನಿಗೆ ಗಡ್ಡದ ಎಣ್ಣೆ, ಬಾಚಣಿಗೆ, ಟ್ರಿಮ್ಮರ್‌ಗಳ ಹೊಸ ಮಾರುಕಟ್ಟೆಯೇ ಬೆಳೆಯಿತು. ಪುಕ್ಕಟೆಯಾಗಿ ಬೆಳೆಯುವ ಗಡ್ಡಕ್ಕೂ ಸಾಮಾನು ಕೊಳ್ಳುವಂತಾದದ್ದು ಫ್ಯಾಷನ್ನಿನ ಕೈಚಳಕ.

ಎರಡನೆಯದು ಚಿಕ್ಕ ಪುಟ್ಟ ತೊಡುಗೆ. ವಿಷ್ಣುವರ್ಧನ್ ಕೈಯಲ್ಲಿ ಸದಾ ಇರುತ್ತಿದ್ದ ಕಡಗ ಅವರ ಅಭಿಮಾನಿಗಳ ಗುರುತೇ ಆಗಿಹೋಯಿತು. 2015ರ ‘ಬಾಹುಬಲಿ’ ಬಂದ ಮೇಲೆ ಕಿವಿಯಿಂದ ಕೂದಲಿಗೆ ಸರಪಳಿ ಎಳೆದ ದಪ್ಪ ಜುಮುಕಿಗಳು ಆ ಚಿತ್ರದ ಹೆಸರಿನಲ್ಲೇ ಮಾರಾಟವಾದವು. ಕ್ರಿಕೆಟ್ಟಿನಲ್ಲಿ ವಿರಾಟ್ ಕೊಹ್ಲಿಯವರ 18ರ ಅಂಕಿ ಹೊತ್ತ ಆರ್‌ಸಿಬಿ ಜೆರ್ಸಿ, 2021ರಲ್ಲಿ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಚಿತ್ರವಿರುವ ಟೀ ಶರ್ಟು ಇದೇ ಮೆಟ್ಟಿಲಿಗೆ ಸೇರುತ್ತವೆ. ಇಲ್ಲಿ ಜನ ಕೊಳ್ಳುವುದು ಹೆಸರನ್ನೇ. ಅದು ಕೊಳ್ಳುವವರಿಗೂ ಗೊತ್ತು, ಅದರಲ್ಲಿ ಮೋಸವೇನೂ ಇಲ್ಲ. ಒಂದು ಗುಂಪಿಗೆ ಸೇರಿದ ಸಂತೋಷಕ್ಕೆ ತೆರುವ ಬೆಲೆ ಅದು.

ಮೂರನೆಯದು ಹೊಲಿಗೆ. ಸೀರೆ ಅದೇ ಇದ್ದು ರವಿಕೆ ಬದಲಾಗುವುದು. 1973ರ ‘ಬಾಬಿ’ಯ ಚುಕ್ಕೆ ಬಟ್ಟೆಯಿಂದ ಈಚಿನ ಬೋಟ್ ನೆಕ್, ಪಫ್ ತೋಳು, ಆರಿ ಕಸೂತಿಯವರೆಗೆ ಈ ಸಾಲು ಉದ್ದವಿದೆ. ಹಿಂದೆ ರವಿಕೆ ಕಣ ಸೀರೆಯ ಜೊತೆಗೆ ಬರುವ ಸಣ್ಣ ತುಂಡು, ಹೊಲಿಗೆ ಕೂಲಿ ಅಲ್ಪ. ಈಗ ಮದುವೆಯ ರವಿಕೆಗೆ ಮಣಿ, ಜರ್ದೋಸಿ, ಆರಿ ಕೆಲಸ ಮಾಡಿಸಿದರೆ ಹೊಲಿಗೆಯ ಬೆಲೆ ಎಷ್ಟೋ ವೇಳೆ ಸೀರೆಯ ಬೆಲೆಯನ್ನೇ ಮೀರುತ್ತದೆ. ಆದರೂ ಈ ಮೆಟ್ಟಿಲಿನ ಹಣ ಊರಿನಲ್ಲೇ ಉಳಿಯುತ್ತದೆ ಎಂಬುದು ಗಮನಿಸಬೇಕಾದ ಅಂಶ. ಹಳ್ಳಿ, ಹೋಬಳಿಗಳಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳಿಗೆ ತಾರೆಯರ ರವಿಕೆಗಳು ದುಡಿಮೆ ಕೊಟ್ಟಿವೆ.

ನಾಲ್ಕನೆಯದು ಬಟ್ಟೆಯೇ. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದಲ್ಲಿ ಮಾಧುರಿ ದೀಕ್ಷಿತ್ ಉಟ್ಟ ನೇರಳೆ ಸೀರೆ ದೇಶದ ಉದ್ದಗಲಕ್ಕೂ ನಕಲಾಯಿತು. ಕನ್ನಡದ ಗಂಡಸರ ಉಡುಪಿನಲ್ಲಿ ಡಾ. ರಾಜ್‌ಕುಮಾರ್ ಅವರ ಬಿಳಿ ಪಂಚೆ, ಬಿಳಿ ಅಂಗಿ ಬಹುಕಾಲ ಗೌರವದ ಮಾದರಿಯಾಗಿತ್ತು. ಪ್ಯಾಂಟು ಬಂದು ಅದನ್ನು ಹಿಂದೆ ಸರಿಸಿತು. 2022ರಲ್ಲಿ ‘ಕಾಂತಾರ’ದ ನಾಯಕನಾಗಿ ಪಂಚೆ ಉಟ್ಟ ರಿಷಬ್ ಶೆಟ್ಟಿ, ಸಮಾರಂಭಗಳಲ್ಲೂ ಪಂಚೆಯಲ್ಲೇ ಕಾಣಿಸಿಕೊಂಡ ಮೇಲೆ ಮದುವೆ, ಹಬ್ಬಗಳಿಗೆ ಯುವಕರು ಪಂಚೆ ಉಡುವುದಕ್ಕೆ ಮತ್ತೆ ಹುರುಪು ಬಂತು. ಹೊಲಿಗೆಯ ಪಂಚೆ, ಅಂಟಿಸುವ ಪಟ್ಟಿಯ ಪಂಚೆ ಎಂದು ಉಡಲು ಬಾರದವರಿಗೂ ಸರಕು ಸಿಗುತ್ತಿದೆ. ಊರಲ್ಲಿ ಅಜ್ಜಂದಿರು ದಿನವೂ ಉಡುತ್ತಿದ್ದ ಬಟ್ಟೆ ತೆರೆಯ ಮೇಲೆ ಹೋಗಿ ಬಂದು ಮೊಮ್ಮಕ್ಕಳಿಗೆ ಹಬ್ಬದ ಬಟ್ಟೆಯಾಯಿತು.

ಐದನೆಯದು ಇಡೀ ಸಮಾರಂಭ. ಎಲ್ಲಕ್ಕಿಂತ ದುಬಾರಿಯಾದ ಅನುಕರಣೆ ಇದೇ. 2017ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ಮದುವೆಯಾದ ನಟಿ ಅನುಷ್ಕಾ ಶರ್ಮಾ ತಿಳಿ ಗುಲಾಬಿ ಲೆಹಂಗಾ ತೊಟ್ಟ ಮೇಲೆ ಕೆಂಪೇ ಮದುಮಗಳ ಬಣ್ಣ ಎಂದಿದ್ದ ಕಡೆಯಲ್ಲೂ ತಿಳಿ ಬಣ್ಣಗಳು ಹೊಕ್ಕವು. 2018ರ ನವೆಂಬರಿನಲ್ಲಿ ಬೆಂಗಳೂರಿನ ನಟಿ ದೀಪಿಕಾ ಪಡುಕೋಣೆ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ಕೊಂಕಣಿ ಪದ್ಧತಿಯಂತೆ ಮದುವೆಯಾದಾಗ ಉಟ್ಟ ಸೀರೆಯ ಕತೆ ಇನ್ನೂ ಬೋಧಪ್ರದ. ಅದು ಮುಂಬಯಿ, ಕೋಲ್ಕತ್ತಗಳಲ್ಲಿ ಹೆಸರಾದ ವಿನ್ಯಾಸಕಾರ ಸಬ್ಯಸಾಚಿ ಮುಖರ್ಜಿಯವರದು ಎಂದು ಮೊದಲು ಸುದ್ದಿ ಹಬ್ಬಿತು. ಸೀರೆ ವಧುವಿನ ತಾಯಿ ಕೊಟ್ಟದ್ದು, ಬೆಂಗಳೂರಿನ ‘ಅಂಗಡಿ ಗ್ಯಾಲೇರಿಯಾ’ ಎಂಬ ಮಳಿಗೆಯಲ್ಲಿ ಕೊಂಡದ್ದು ಎಂದು ಆ ವಿನ್ಯಾಸಕಾರರ ಕಡೆಯಿಂದಲೇ ಆಮೇಲೆ ತಿಳಿಸಲಾಯಿತು. ಲೋಕವೆಲ್ಲ ನೋಡಿದ ಉಡುಪಿನ ಹಿಂದೆಯೂ ತಾಯಿ ಮಗಳಿಗೆ ಜವಳಿ ತೆಗೆಯುವ ಹಳೆಯ ರೂಢಿಯೇ ಕೆಲಸ ಮಾಡಿತ್ತು. ಅದನ್ನು ಮರೆಮಾಡುವಷ್ಟು ಬಲ ದೊಡ್ಡ ಹೆಸರಿಗೆ ಇದೆ ಎಂಬುದೂ ಗೊತ್ತಾಯಿತು.

ಇಂಥ ಮದುವೆಗಳ ಚಿತ್ರ, ವಿಡಿಯೋಗಳಿಂದ ಹಳ್ಳಿಯ ಮದುವೆಯ ಬಟ್ಟೆಗಳ ಪಟ್ಟಿ ಬೆಳೆದಿದೆ. ಧಾರೆಗೊಂದು, ಆರತಕ್ಷತೆಗೊಂದು ಸೀರೆ ಎಂಬುದು ಹಿಂದಿನ ಲೆಕ್ಕ. ಅರಿಶಿನ ಶಾಸ್ತ್ರಕ್ಕೆ ಮೆತ್ತಿದರೂ ಚಿಂತೆಯಿಲ್ಲದ ಬಟ್ಟೆ ಸಾಕಾಗುತ್ತಿತ್ತು. ಈಗ ಅದಕ್ಕೆ ಹೊಸ ಹಳದಿ ಉಡುಪು, ಮೆಹೆಂದಿಗೆ ಹಸಿರು, ಮದುವೆಗೆ ಮುಂಚಿನ ಚಿತ್ರೀಕರಣಕ್ಕೆ ಗೌನು, ಆರತಕ್ಷತೆಗೆ ಲೆಹಂಗಾ, ಗಂಡಿಗೆ ಶೆರ್ವಾನಿ ಸೇರಿವೆ. ಒಮ್ಮೆ ತೊಟ್ಟು ಮಡಿಚಿಡುವ ಬಟ್ಟೆಯ ಸಂಖ್ಯೆ ಹೆಚ್ಚಿದಂತೆ ಬಾಡಿಗೆಗೆ ಲೆಹಂಗಾ, ಶೆರ್ವಾನಿ ಕೊಡುವ ಅಂಗಡಿಗಳೂ ತಲೆಯೆತ್ತಿವೆ. ಹಾಗೆ ನೋಡಿದರೆ ಬಾಡಿಗೆ ಹೊಸದಲ್ಲ. ಊರ ಪೌರಾಣಿಕ ನಾಟಕಗಳಿಗೆ ಕಿರೀಟ, ಭುಜಕೀರ್ತಿಗಳನ್ನು ಬಾಡಿಗೆಗೆ ತರುವ ಪದ್ಧತಿ ಬಯಲುಸೀಮೆಯಲ್ಲಿ ಮೊದಲಿನಿಂದಲೂ ಇದೆ.

ಈ ಐದು ಮೆಟ್ಟಿಲುಗಳಲ್ಲೂ ಮೊಬೈಲು ತಂದ ಬದಲಾವಣೆ ವೇಗದ್ದು. 2000ದ ಫೆಬ್ರವರಿಯಲ್ಲಿ ಅಮೆರಿಕದ ಗಾಯಕಿ, ನಟಿ ಜೆನಿಫರ್ ಲೋಪೆಜ್ ಒಂದು ಪ್ರಶಸ್ತಿ ಸಮಾರಂಭಕ್ಕೆ ತೊಟ್ಟು ಬಂದ ಹಸಿರು ಉಡುಪನ್ನು ಹುಡುಕಿದವರ ಸಂಖ್ಯೆ ಕಂಡು ಬೆರಗಾದ ಗೂಗಲ್, ಚಿತ್ರಗಳನ್ನೇ ಹುಡುಕುವ ಸೌಲಭ್ಯವನ್ನು 2001ರಲ್ಲಿ ತಂದಿತು. ಈಗ ಧಾರಾವಾಹಿಯ ನಾಯಕಿ ಉಟ್ಟ ಸೀರೆಯ ಚಿತ್ರ ಹಿಡಿದು ಹುಡುಕಿದರೆ ಅಂಥದೇ ನೂರು ಸೀರೆಗಳು ಪರದೆಯ ಮೇಲೆ ಬರುತ್ತವೆ. ಬೆಂಗಳೂರಿನಲ್ಲೇ ಹುಟ್ಟಿದ ಮಿಂತ್ರಾ, ಮೀಶೋದಂಥ ಆನ್‌ಲೈನ್ ಮಳಿಗೆಗಳು ಹಳ್ಳಿಯ ಬಾಗಿಲಿಗೆ ಬಟ್ಟೆ ತಂದು ಹಣ ಪಡೆಯುತ್ತವೆ. ಆದರೆ ನಡುವಿನ ದರ್ಜಿ, ಅಂಗಡಿಯವರು ಮಾಡುತ್ತಿದ್ದ ಸೋಸುವ ಕೆಲಸ ಇಲ್ಲಿ ಇಲ್ಲ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುವಂತಿಲ್ಲ, ಬಣ್ಣವನ್ನು ಬಾಗಿಲ ಬೆಳಕಿಗೆ ಹಿಡಿಯುವಂತಿಲ್ಲ, ಚೌಕಾಸಿಯೂ ಇಲ್ಲ, ಉದ್ರಿಯೂ ಇಲ್ಲ. ತಾರೆ ಉಟ್ಟದ್ದು ರೇಷ್ಮೆ, ಮನೆಗೆ ಬಂದದ್ದು ಪಾಲಿಯೆಸ್ಟರ್ ಎಂಬ ದೂರು ಹುಟ್ಟುವುದು ಇಲ್ಲಿಯೇ.

ಇಷ್ಟಕ್ಕೂ ಗುರುತು ಪರಿಚಯವಿಲ್ಲದ ಒಬ್ಬರ ಉಡುಪು ಏಕೆ ಇಷ್ಟು ಸೆಳೆಯುತ್ತದೆ? 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೊಂದು ವಿವರಣೆ ಕೊಟ್ಟರು. ದಿನವೂ ತೆರೆಯ ಮೇಲೆ ಕಾಣುವ ಮುಖವನ್ನು ನೋಡುವವರ ಮನಸ್ಸು ನೆಂಟರಂತೆ, ಗೆಳೆಯರಂತೆ ನೆಚ್ಚಿಕೊಳ್ಳುತ್ತದೆ. ಈ ನಂಟು ಒಂದೇ ಕಡೆಯದು. ಆದರೂ ಆ ಮುಖದ ಮಾತಿಗೆ ತೂಕವಿದೆ. ಧಾರಾವಾಹಿಯ ಸೊಸೆಯನ್ನು ಮನೆಯ ಹುಡುಗಿ ಎಂಬಂತೆ ಕರೆದು ಮಾತಾಡುವವರಲ್ಲಿ ಇದು ಎದ್ದು ಕಾಣುತ್ತದೆ. 1989ರಲ್ಲಿ ವಿದ್ವಾಂಸ ಗ್ರಾಂಟ್ ಮೆಕ್ರಾಕೆನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾರೆಯ ವ್ಯಕ್ತಿತ್ವಕ್ಕೆ ಜನ ಕೊಟ್ಟಿರುವ ಅರ್ಥ ಮೊದಲು ವಸ್ತುವಿಗೆ, ಆಮೇಲೆ ಆ ವಸ್ತುವಿನ ಮೂಲಕ ಕೊಂಡವರಿಗೆ ದಾಟುತ್ತದೆ ಎಂದರು. ಪಂಚೆ ಉಟ್ಟವನಿಗೆ ಊರ ಮಗ ಎಂಬ ಭಾವ, ದಟ್ಟ ಗಡ್ಡದವನಿಗೆ ಗಟ್ಟಿಗ ಎಂಬ ಭಾವ ಬರುವುದು ಹೀಗೆ.

ಆದರೆ ಹಳ್ಳಿಯಲ್ಲಿ ತಾರೆಗಿಂತ ಹತ್ತಿರದ ಮಾದರಿಯ ಬಲವೇ ಹೆಚ್ಚು. ತೆರೆಯ ಮೇಲೆ ನೂರು ಸಲ ಕಂಡ ಲೆಹಂಗಾ ಬೇಡವೆನ್ನುವ ಮನೆ, ಎದುರು ಮನೆಯ ಮದುಮಗಳು ತೊಟ್ಟ ಮೇಲೆ ಒಪ್ಪುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು ಹಬ್ಬಕ್ಕೆ ತೊಟ್ಟು ಬಂದ ಉಡುಪು ಮುಂದಿನ ಹಬ್ಬಕ್ಕೆ ಊರಿನದಾಗುತ್ತದೆ. ತಾರೆ ಆಸೆ ಹುಟ್ಟಿಸುತ್ತಾರೆ, ಅಪ್ಪಣೆ ಕೊಡುವವರು ನೆಂಟರು ಮತ್ತು ನೆರೆಯವರು.

ಮೆಚ್ಚಿ ಅನುಕರಿಸುವುದು ಒಂದು ಬಗೆಯಾದರೆ, ಹಣ ಪಡೆದು ಹೊಗಳುವುದು ಬೇರೆ ಬಗೆ. ಭಾರತದಲ್ಲಿ 1941ರಲ್ಲಿ ನಟಿ ಲೀಲಾ ಚಿಟ್ನಿಸ್ ಲಕ್ಸ್ ಸಾಬೂನಿನ ಜಾಹೀರಾತಿಗೆ ಮುಖವಾದಾಗಿನಿಂದ ಈ ಪದ್ಧತಿ ಬೇರೂರಿದೆ. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸರ್ಕಾರಿ ಸಂಸ್ಥೆಯಾದ ಕೆಎಸ್‌ಡಿಎಲ್ ತನ್ನ ಮೈಸೂರು ಸ್ಯಾಂಡಲ್ ಉತ್ಪನ್ನಗಳಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಸುಮಾರು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂಬ ಪ್ರಶ್ನೆ ಎದ್ದು ದೊಡ್ಡ ಚರ್ಚೆಯಾಯಿತು. ರಾಜ್ಯದ ಹೊರಗಿನ ಮಾರುಕಟ್ಟೆಯನ್ನು ಹಿಡಿಯಲು ದೇಶಕ್ಕೆಲ್ಲ ಗೊತ್ತಿರುವ ಮುಖ ಬೇಕು ಎಂಬುದು ಸರ್ಕಾರದ ಉತ್ತರ. ವಾದ ಏನೇ ಇರಲಿ, ಇಂಥ ನೇಮಕದ ಹಣವೂ ಸರಕಿನ ವೆಚ್ಚದ ಲೆಕ್ಕಕ್ಕೇ ಸೇರುತ್ತದೆ.

ಹಣ ಪಡೆದು ಮಾಡುವ ಶಿಫಾರಸಿಗೆ ಕಾನೂನಿನ ಕಡಿವಾಣವಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡ ತಾರೆಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ತಪ್ಪು ಮರುಕಳಿಸಿದರೆ ದಂಡ 50 ಲಕ್ಷದವರೆಗೆ ಹೋಗುತ್ತದೆ. ಮೊದಲ ಸಲಕ್ಕೆ ಒಂದು ವರ್ಷ, ಆಮೇಲಿನದಕ್ಕೆ ಮೂರು ವರ್ಷದವರೆಗೆ ಬೇರೆ ಯಾವ ಸರಕನ್ನೂ ಶಿಫಾರಸು ಮಾಡದಂತೆ ತಡೆಯಲೂಬಹುದು. ಹೊಗಳುವ ಮೊದಲು ಸರಕನ್ನು ತಕ್ಕಂತೆ ಪರೀಕ್ಷಿಸಿದ್ದರೆ ಮಾತ್ರ ಈ ಹೊಣೆಯಿಂದ ಪಾರು. ಸಾಮಾಜಿಕ ಜಾಲತಾಣಗಳಲ್ಲಿ ಬಟ್ಟೆ, ಒಡವೆ ತೋರಿಸುವವರು ಅದಕ್ಕೆ ಹಣ ಅಥವಾ ಉಡುಗೊರೆ ಪಡೆದಿದ್ದರೆ ಎದ್ದು ಕಾಣುವಂತೆ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸೂಚನೆಗಳನ್ನು ಹೊರಡಿಸಿದೆ. ಅಂಥ ಸೂಚನೆ ಕಂಡಲ್ಲಿ, ನೋಡುತ್ತಿರುವುದು ಮೆಚ್ಚುಗೆಯ ಮಾತೋ ವ್ಯಾಪಾರದ ಮಾತೋ ಎಂಬುದು ತಿಳಿಯುತ್ತದೆ.

ಹೆಸರಾಂತರ ಉಡುಪಿನಿಂದ ನೇಕಾರರಿಗೆ ಲಾಭವಾಗುವುದೂ ಉಂಟು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಮಂಡಿಸಲು ಕೆಂಪು ಇಳಕಲ್ ಸೀರೆ ಉಟ್ಟು ಬಂದರು. ಅದರ ಮೇಲೆ ಧಾರವಾಡದ ಕಸೂತಿ ಇತ್ತು. ಬಜೆಟ್ಟಿನ ಅಂಕಿಗಳ ಜೊತೆಗೆ ಸೀರೆಯೂ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಜಾಹೀರಾತಿಗೆ ಹಣವಿಲ್ಲದ ಕೈಕಸುಬಿಗೆ ಇಂಥ ಒಂದು ಗಳಿಗೆ ದೊಡ್ಡ ಆಸರೆ.

ಚಿತ್ರದುರ್ಗ ಜಿಲ್ಲೆಗೂ ತನ್ನದೇ ಸೀರೆ ಇದೆ. ಹೊಸದುರ್ಗ ಜಿಲ್ಲೆಯ ದಕ್ಷಿಣಕ್ಕಿದ್ದರೆ, ಉತ್ತರದ ತುದಿಯಲ್ಲಿ ಆಂಧ್ರದ ಗಡಿಗೆ ತಾಗಿ ಮೊಳಕಾಲ್ಮೂರು ಇದೆ. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು, ಹೂ, ಹಣ್ಣು, ನವಿಲಿನಂಥ ಬುಟ್ಟಾಗಳು, ಕೈಮಗ್ಗದ ನೇಯ್ಗೆ. ಮದುವೆಯ ಜವಳಿ ತೆಗೆಯಲು ಹೊರಟ ಜಿಲ್ಲೆಯ ಮಂದಿಯಲ್ಲಿ ಕಾಂಚೀಪುರದ ಹೆಸರು ಹೇಳುವವರು ಹೆಚ್ಚು, ಮೊಳಕಾಲ್ಮೂರಿನ ಹೆಸರು ಹೇಳುವವರು ಕಡಿಮೆ. ನೇಯ್ಗೆಯ ಗುಣಕ್ಕಿಂತ ಹೆಸರಿನ ಪ್ರಚಾರ ಆಯ್ಕೆಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಇದು. ಇನ್ನೊಂದು ಕಡೆ, ಒಂದು ಸೀರೆಗೆ ಹೆಸರು ಬಂದ ಕೂಡಲೇ ಯಂತ್ರಮಗ್ಗದಲ್ಲಿ ಅದರ ನಕಲು ಹುಟ್ಟುತ್ತದೆ. ಕೈಮಗ್ಗದಲ್ಲಿ ದಿನಗಟ್ಟಲೆ ಹಿಡಿಯುವ ಸೀರೆಯ ತದ್ರೂಪು ಬಣ್ಣ, ಬುಟ್ಟಾಗಳು ಅಗ್ಗದ ನೂಲಿನಲ್ಲಿ ಗಂಟೆಗಳಲ್ಲಿ ತಯಾರಾಗುತ್ತವೆ. ಸೀರೆ, ಪಂಚೆಯಂಥ ಕೆಲವು ಬಗೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಇದ್ದರೂ ನಕಲು ನಿಂತಿಲ್ಲ. ಹೀಗಾಗಿ ತಾರೆಯ ಒಂದು ಗಳಿಗೆಯ ಲಾಭ ನೇಕಾರರ ಮನೆಗೆ ಹೋಗುತ್ತದೋ ನಕಲು ಮಾಡುವವರ ಗೋದಾಮಿಗೆ ಹೋಗುತ್ತದೋ ಎಂಬುದನ್ನು ಕಡೆಗೆ ನಿರ್ಧರಿಸುವವರು ಕೊಳ್ಳುವವರೇ.

ಅಸಲು ನಕಲು ತಿಳಿಯಲು ಕೆಲವು ಗುರುತುಗಳಿವೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಶುದ್ಧ ರೇಷ್ಮೆಗೆ, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ ನೇಯ್ಗೆಗೆ ಸಾಕ್ಷಿ. ಚೀಟಿ ಇಲ್ಲದಿದ್ದರೆ ಸೆರಗಿನ ತುದಿಯ ಒಂದೆರಡು ಎಳೆ ಕಿತ್ತು ಸುಟ್ಟು ನೋಡುವುದು ಹಳೆಯ ಉಪಾಯ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಒಳ್ಳೆಯ ಜರಿ ಬೆಳ್ಳಿಯ ಎಳೆಗೆ ಚಿನ್ನದ ಲೇಪ ಕೊಟ್ಟದ್ದು, ಅಗ್ಗದ್ದು ತಾಮ್ರದ್ದು ಅಥವಾ ಬರೀ ಹೊಳೆಯುವ ಪ್ಲಾಸ್ಟಿಕ್ ಎಳೆ. ಯಾವ ಜರಿ ಎಂದು ಕೇಳಿ, ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ರಸೀದಿ ಇದ್ದರೆ ಮಾತ್ರ ದೂರಿಗೆ ಬಲ. ಮೋಸವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ.

ಬಟ್ಟೆಯ ಗುಣದಷ್ಟೇ ಮುಖ್ಯವಾದದ್ದು ಬಳಕೆಯ ಲೆಕ್ಕ. ಹತ್ತು ಸಾವಿರದ ರೇಷ್ಮೆ ಸೀರೆಯನ್ನು ಇಪ್ಪತ್ತು ವರ್ಷಗಳಲ್ಲಿ ನಲವತ್ತು ಸಲ ಉಟ್ಟರೆ ಒಂದು ಸಲಕ್ಕೆ ಬೀಳುವುದು 250 ರೂಪಾಯಿ. ಎರಡು ಸಾವಿರದ ಹಳದಿ ಉಡುಪನ್ನು ಒಂದೇ ದಿನ ತೊಟ್ಟರೆ ಆ ದಿನದ ಬೆಲೆ ಎರಡು ಸಾವಿರವೇ. ತಾರೆಯರಿಗೆ ಈ ಲೆಕ್ಕ ಬೇಕಿಲ್ಲ. ಅವರು ತೊಡುವ ಉಡುಪಿನಲ್ಲಿ ಎಷ್ಟೋ ವಿನ್ಯಾಸಕಾರರು ಎರವಲು ಕೊಟ್ಟದ್ದಾಗಿರುತ್ತದೆ, ಮರುದಿನ ಹಿಂತಿರುಗಿ ಹೋಗುತ್ತದೆ. ಕೊಂಡು ಇಟ್ಟುಕೊಳ್ಳುವವರು ನೋಡುಗರು ಮಾತ್ರ. ಹೆಸರಾಂತರಲ್ಲೇ ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ. ಕಾಶಿಗೆ ಹೋದಾಗ ಇಷ್ಟವಾದುದೊಂದನ್ನು ಬಿಡಬೇಕೆಂಬ ಪದ್ಧತಿಯಂತೆ ಸೀರೆ ಕೊಳ್ಳುವುದನ್ನೇ ಬಿಟ್ಟಿರುವುದಾಗಿ ಲೇಖಕಿ ಸುಧಾಮೂರ್ತಿ ಹೇಳಿಕೊಂಡಿದ್ದಾರೆ. ಅದನ್ನು ಎಲ್ಲರೂ ಅನುಸರಿಸಬೇಕಿಲ್ಲ. ಕೊಳ್ಳದಿರುವುದೂ ಒಂದು ಆಯ್ಕೆ ಎಂಬುದನ್ನು ಅದು ನೆನಪಿಸುತ್ತದೆ.

ತಾರೆಯ ಉಡುಪು ಕಣ್ಣಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿಕೊಂಡರೆ ಹೆಚ್ಚಿನ ಗೊಂದಲ ತಪ್ಪುತ್ತದೆ. ಅದನ್ನು ತೋರಿಸುತ್ತಿರುವವರಿಗೆ ಅದರಿಂದ ಹಣ ಬರುತ್ತದೆಯೇ? ಅದರಲ್ಲಿ ಮೆಚ್ಚಿಗೆಯಾದ ತುಣುಕು ಯಾವುದು, ಅಷ್ಟನ್ನೇ ಊರ ದರ್ಜಿಯಿಂದ ಮಾಡಿಸಬಹುದೇ? ಹಬ್ಬ ಮುಗಿದ ಮೇಲೆ ಅದನ್ನು ಮತ್ತೆ ತೊಡುವ ಸಂದರ್ಭಗಳು ಎಷ್ಟಿವೆ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕೊಂಡ ಬಟ್ಟೆ ಯಾರ ಹೆಸರಿನಲ್ಲಿ ಮಾರಾಟವಾಗಿದ್ದರೂ ಕೊಂಡವರದ್ದೇ ಆಯ್ಕೆ ಆಗಿರುತ್ತದೆ.